ಕಡಿಮೆ ದುಡ್ಡಿನ ಕಿಲ್ಟ್: ದಿನಬಳಕೆಗೆ ಯಾವುದು ತಡೆಯುತ್ತದೆ?

ಎಡಿನ್‌ಬರೋದ ರಾಯಲ್ ಮೈಲ್ ಬೀದಿಯಲ್ಲಿ ಒಂದು ಅಂಗಡಿಯ ಬಾಗಿಲಿಗೆ 35 ಪೌಂಡಿನ ಕಿಲ್ಟ್ ನೇತುಹಾಕಿರುತ್ತಾರೆ. ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ನಡುವಿಗೆ ಉಡುವ, ಹಿಂದೆ ನೆರಿಗೆ ಇರುವ ಮಂಡಿಯುದ್ದದ ಬಟ್ಟೆ. ನಾಲ್ಕು ಹೆಜ್ಜೆ ಆಚೆ ಇನ್ನೊಂದು ಅಂಗಡಿಯ ಗಾಜಿನ ಹಿಂದೆ 600 ಪೌಂಡಿನದು ನಿಂತಿರುತ್ತದೆ. ಎದುರಿನಿಂದ ನೋಡಿದರೆ ಎರಡೂ ಒಂದೇ: ಅದೇ ಚೌಕಳಿ, ಅದೇ ತೊಗಲಿನ ಪಟ್ಟಿ, ಬಲಗಡೆ ಅಂಚಿನಲ್ಲಿ ಅದೇ ಕುಚ್ಚು. ತಿರುಗಿಸಿ ಬೆನ್ನ ಕಡೆ ನೋಡಿದಾಗ ಬಣ್ಣ ಬಯಲಾಗುತ್ತದೆ. ಕಿಲ್ಟಿಗೆ ಕೊಡುವ ದುಡ್ಡೆಲ್ಲ ಹೋಗುವುದು ಹಿಂದಿನ ನೆರಿಗೆಗೆ.

ಹಾಗಂತ ದಿನಾ ಉಡುವುದಕ್ಕೆ 600 ಪೌಂಡ್ ಸುರಿಯಬೇಕಾಗಿಲ್ಲ. ಪೇಟೆಗೆ, ಪಬ್ಬಿಗೆ, ಬೆಟ್ಟ ಸುತ್ತಲು, ವಾರಾಂತ್ಯದ ಕೇಲಿ ಕುಣಿತಕ್ಕೆ ಟೀಶರ್ಟಿನ ಜೊತೆ ಹಾಕಿಕೊಳ್ಳುವಂಥ ಕಿಲ್ಟ್ ಸುಮಾರು 50ರಿಂದ 150 ಪೌಂಡಿನೊಳಗೆ ಸಿಗುತ್ತದೆ. ತೊಂದರೆ ಏನೆಂದರೆ, ಎರಡು ಸಲ ಒಗೆದರೆ ಆಕಾರ ಬಿಡುವಂಥದ್ದೂ ಇದೇ ಬೆಲೆಗೆ ಸಿಗುತ್ತದೆ. ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್ ಕಡೆ ಓದಲೋ ಕೆಲಸಕ್ಕೋ ಬಂದ ಕನ್ನಡಿಗರಿಗೆ ನೆರಿಗೆ, ನಡು, ಅಂಚು ಇವೆಲ್ಲ ಹೊಸ ಮಾತಲ್ಲ. ಆದರೆ ಪಂಚೆ ಯಾರ ನಡುವಿಗಾದರೂ ಒಗ್ಗಿಕೊಳ್ಳುತ್ತದೆ, ಕಿಲ್ಟ್ ಹಾಗಲ್ಲ. ಅದು ಹೊಲಿದ ಬಟ್ಟೆ. ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಹಿಂದೆ ಗೊತ್ತಾಗಿಬಿಡುತ್ತದೆ.

ಪ್ಯಾಂಟಿನ ಸೈಜ್ ಹೇಳಬೇಡಿ

ಆನ್‌ಲೈನಿನಲ್ಲಿ ತರಿಸಿದ ಕಿಲ್ಟ್ ವಾಪಸು ಹೋಗಲು ಮೊದಲ ಕಾರಣ ಇದೇ. ಜೀನ್ಸ್ ನಿಲ್ಲುವುದು ಹೊಕ್ಕಳಿಗಿಂತ ಎರಡು ಮೂರು ಇಂಚು ಕೆಳಗೆ. ಕಿಲ್ಟ್ ನಿಲ್ಲಬೇಕಾದದ್ದು ಹೊಕ್ಕಳ ಮಟ್ಟದಲ್ಲಿ, ಕೆಲವು ಹೊಲಿಗೆಗಳಲ್ಲಿ ಅದಕ್ಕೂ ತುಸು ಮೇಲೆ. ಪ್ಯಾಂಟಿಗೆ 34 ಎನ್ನುವವರ ಹೊಕ್ಕಳ ಸುತ್ತಳತೆ 37–38 ಬಂದರೆ ಅಚ್ಚರಿಯಿಲ್ಲ. ಪ್ಯಾಂಟಿನ ಪಟ್ಟಿಯ ಮೇಲೆ ಬರೆದ ಸಂಖ್ಯೆಯೂ ನಿಜವಾದ ಇಂಚಲ್ಲ, ಕಂಪನಿಗಳು ಅದನ್ನು ಧಾರಾಳವಾಗಿ ಹಿಗ್ಗಿಸಿರುತ್ತವೆ. ಹಾಗಾಗಿ ದರ್ಜಿಯ ಟೇಪಿನಲ್ಲೇ ಅಳೆಯಿರಿ.

ಬೇಕಾದದ್ದು ಮೂರೇ ಅಳತೆ. ಮೊದಲನೆಯದು ಹೊಕ್ಕಳ ಮಟ್ಟದಲ್ಲಿ ಸುತ್ತಳತೆ. ಹೊಟ್ಟೆ ಒಳಗೆಳೆದುಕೊಳ್ಳದೆ, ಒಂದು ತೆಳು ಅಂಗಿಯ ಮೇಲೆ ಟೇಪು ಹಿಡಿಯಿರಿ. ಎರಡನೆಯದು ಹಿಂಭಾಗ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಯ ಸುತ್ತಳತೆ. ಜೇಬಿನಲ್ಲಿ ಪರ್ಸು, ಫೋನು ಇದ್ದರೆ ತೆಗೆದಿಡಿ. ಟೇಪು ಬಿಗಿಯಬೇಡಿ, ಒಂದು ಬೆರಳು ಆಡುವಷ್ಟು ಸಡಿಲ ಇರಲಿ. ಮೂರನೆಯದು ಉದ್ದ. ಇದನ್ನು ನಿಂತು ಅಳೆದರೆ ತಪ್ಪುವುದೇ ಹೆಚ್ಚು, ಯಾಕೆಂದರೆ ಟೇಪು ನೋಡಲು ಬಗ್ಗಿದ ಕೂಡಲೇ ಮೇಲಿನ ತುದಿ ಜಾರುತ್ತದೆ. ಗಟ್ಟಿ ನೆಲದ ಮೇಲೆ ಮಂಡಿಯೂರಿ, ಬೆನ್ನು ನೆಟ್ಟಗಿಟ್ಟು, ಹೊಕ್ಕಳ ಮಟ್ಟದಿಂದ ನೆಲದವರೆಗೆ ಇನ್ನೊಬ್ಬರ ಕೈಲಿ ಅಳೆಸಿ, ಅದರಲ್ಲಿ 1 ಇಂಚು ಕಳೆಯಿರಿ. ನಿಂತಾಗ ಕಿಲ್ಟಿನ ಕೆಳ ಅಂಚು ಮಂಡಿಚಿಪ್ಪಿನ ನಡುವಿಗೋ ಮೇಲ್ತುದಿಗೋ ಬರುತ್ತದೆ.

ರೆಡಿಮೇಡ್ ಅಗ್ಗದ ಕಿಲ್ಟುಗಳಲ್ಲಿ ಹೆಚ್ಚಿನವು 24 ಇಂಚು ಉದ್ದಕ್ಕೆ ಕತ್ತರಿಸಿದವು. ಅದು ಹೆಚ್ಚು ಕಡಿಮೆ 5 ಅಡಿ 10 ಇಂಚು ಎತ್ತರದವರಿಗೆ ಸರಿಹೋಗುವ ಅಳತೆ. ನಮ್ಮಲ್ಲಿ ಮಾಮೂಲಿಯಾದ 5 ಅಡಿ 5–6 ಇಂಚಿನವರಿಗೆ 22ರ ಆಸುಪಾಸು ಬೇಕು. 24ರದ್ದನ್ನು ಉಟ್ಟರೆ ಮಂಡಿ ಮುಚ್ಚಿ ಮೀನಖಂಡದ ಮೇಲೆ ಬಂದು ನಿಲ್ಲುತ್ತದೆ. ಪಂಚೆಯಂತೆ ಮೇಲಕ್ಕೆ ಸಿಕ್ಕಿಸಿ ಗಿಡ್ಡ ಮಾಡುವ ಹಾಗಿಲ್ಲ. ಮೇಲಕ್ಕೆ ಎಳೆದು ಕಟ್ಟಿದರೆ ನೆರಿಗೆಯನ್ನು ಹೊಲಿದು ಹಿಡಿದ ಭಾಗ ಸೊಂಟದ ಉಬ್ಬಿಗೆ ಹೊಂದದೆ ಹಿಂದೆ ಬಾಯಿ ಬಿಡುತ್ತದೆ. ಆದ್ದರಿಂದ ಎತ್ತರ ಕಡಿಮೆ ಇರುವವರು ಸೊಂಟದ ಅಳತೆಗಿಂತ ಮೊದಲು ಉದ್ದ ಸಿಗುತ್ತದೆಯೇ ಎಂದು ಕೇಳಿ. ಸೊಂಟವನ್ನು ಪಟ್ಟಿ ಸರಿಸಿ ಸುಧಾರಿಸಬಹುದು, ಉದ್ದವನ್ನಲ್ಲ. ಮಾರುವವರು ಹೇಳುವ ಉದ್ದ ಮೇಲಂಚಿನಿಂದಲೋ ಪಟ್ಟಿಯಿಂದಲೋ ಎಂಬುದನ್ನೂ ಕೇಳಿಕೊಳ್ಳಿ. ಸಾಂಪ್ರದಾಯಿಕ ಹೊಲಿಗೆಯಲ್ಲಿ ಪಟ್ಟಿಯ ಮೇಲೆ ಇನ್ನೂ 2 ಇಂಚು ಬಟ್ಟೆ ಏರಿರುತ್ತದೆ. ಆ 2 ಇಂಚಿನಲ್ಲೇ ಎಷ್ಟೋ ಜನ ಎಡವುತ್ತಾರೆ.

ಹೊಟ್ಟೆ ಮುಂದಿರುವವರು ಜೀನ್ಸಿನ ಅಭ್ಯಾಸದಲ್ಲಿ ಕಿಲ್ಟನ್ನೂ ಹೊಟ್ಟೆಯ ಕೆಳಗೆ ಕಟ್ಟಲು ನೋಡುತ್ತಾರೆ. ಮುಂಭಾಗ ಜಾರಿ ಜೋತು, ಹಿಂಭಾಗ ಮೇಲೆದ್ದು ನಿಲ್ಲುತ್ತದೆ. ಹೊಕ್ಕಳ ಮೇಲೆ ಕಟ್ಟಿದರೆ ಹೊಟ್ಟೆಯೇ ಕಿಲ್ಟನ್ನು ಹಿಡಿದುಕೊಳ್ಳುತ್ತದೆ, ನೋಡಲೂ ಲಕ್ಷಣ.

ನೆರಿಗೆಯ ಲೆಕ್ಕ

ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಭಾಗಗಳಿಗೆ ಏಪ್ರನ್ ಎನ್ನುತ್ತಾರೆ. ಗಂಡಸರ ಕಿಲ್ಟಿನಲ್ಲಿ ಹೊರ ಏಪ್ರನ್ ಬಲ ಸೊಂಟದ ಮೇಲೆ ಮುಗಿಯುತ್ತದೆ. ಹಿಂದೆಲ್ಲ ನೆರಿಗೆ. ನೆರಿಗೆಯನ್ನು ಸೊಂಟದಿಂದ ಹಿಂಭಾಗದ ಉಬ್ಬಿನವರೆಗೆ ಹೊಲಿದು ಹಿಡಿದಿರುವ ಭಾಗಕ್ಕೆ ಫೆಲ್ ಎಂದು ಹೆಸರು. ಅದರ ಕೆಳಗೆ ನೆರಿಗೆ ಬಿಡುಬೀಸಾಗಿ ಆಡುತ್ತದೆ.

ಎಷ್ಟು ಗಜದ ಕಿಲ್ಟ್ ಎಂಬ ಮಾತಿನ ಅರ್ಥ ತಿಳಿಯಲು ಹಿಂಭಾಗದ ಸುತ್ತಳತೆ 40 ಇಂಚು ಇರುವವರನ್ನು ಲೆಕ್ಕಕ್ಕೆ ಹಿಡಿಯೋಣ. ಹೊರ ಏಪ್ರನ್ನಿಗೆ ಸುಮಾರು 20 ಇಂಚು, ಒಳಗಿನದಕ್ಕೆ 20, ಅಂಚಿನ ಮಡಿಕೆ ಮತ್ತು ಏಪ್ರನ್ ಪಕ್ಕದ ಆಳದ ನೆರಿಗೆಗಳಿಗೆ ಇನ್ನೊಂದು 20. ಅಲ್ಲಿಗೆ 60 ಇಂಚು ಖರ್ಚಾಯಿತು. 5 ಗಜವೆಂದರೆ 180 ಇಂಚು, ಉಳಿಯುವುದು 120. ಬೆನ್ನ ಕಡೆ ಮುಚ್ಚಬೇಕಾದ 20 ಇಂಚಿಗೆ ಒಂದೊಂದು ಇಂಚಿನ 20 ನೆರಿಗೆ ಹಿಡಿದರೆ ಪ್ರತಿ ನೆರಿಗೆಗೆ 6 ಇಂಚು ಬಟ್ಟೆ ಸಿಗುತ್ತದೆ. 1 ಇಂಚು ಹೊರಗೆ ಕಾಣುತ್ತದೆ, 5 ಇಂಚು ಒಳಗೆ ಮಡಚಿರುತ್ತದೆ, ಅಂದರೆ ಆಳ ಎರಡೂವರೆ ಇಂಚು. 8 ಗಜದಲ್ಲಿ 288 ಇಂಚು ಇರುವುದರಿಂದ 28 ನೆರಿಗೆ ಹಿಡಿದರೂ ಆಳ ಮೂರೂವರೆ ಇಂಚು ದಾಟುತ್ತದೆ. ಬಟ್ಟೆ ಉಳಿಸಲು 3 ಗಜಕ್ಕೆ ಇಳಿದರೆ ನೆರಿಗೆಗೆ ಸಿಗುವುದು 48 ಇಂಚು. ಅದರಲ್ಲಿ 12 ನೆರಿಗೆ ಹಿಡಿದರೆ ಆಳ ಒಂದು ಇಂಚು ಚಿಲ್ಲರೆ.

ಆಳವಿಲ್ಲದ ನೆರಿಗೆಯಿಂದ ಆಗುವ ನಷ್ಟ ಬರೀ ಅಂದದ್ದಲ್ಲ. ನಡೆಯುವಾಗ ಹೆಜ್ಜೆಗೆ ಜಾಗ ಕೊಡುವುದು, ಗಾಳಿಗೆ ಬಟ್ಟೆ ಹಾರದಂತೆ ಭಾರ ಕೊಡುವುದು ಆ ಒಳಗಿನ ಮಡಿಕೆಯೇ. ಅದಿಲ್ಲದಿದ್ದರೆ ಮೆಟ್ಟಿಲು ಹತ್ತುವಾಗ ತೊಡೆಗೆ ಹಿಡಿಯುತ್ತದೆ, ಬೀದಿಯ ತಿರುವಿನಲ್ಲಿ ಗಾಳಿ ಬೀಸಿದರೆ ಮೇಲೇಳುತ್ತದೆ. ದಿನಬಳಕೆಗೆ 5 ಗಜ ಸಾಕು. 8 ಗಜ ಮದುವೆ, ಬ್ಯಾಂಡಿನವರಿಗೆ ಸರಿ. ಬಸ್ಸಿನ ಸೀಟಿನಲ್ಲಿ ಒಂದು ದಿಂಬಿನ ಮೇಲೆ ಕೂತ ಹಾಗಾಗುತ್ತದೆ. 4 ಗಜಕ್ಕಿಂತ ಕಡಿಮೆ ಇದ್ದರೆ ಅಗಲ ನೆರಿಗೆಯ ಬಾಕ್ಸ್ ಪ್ಲೀಟ್ ಹೊಲಿಗೆ ಇರಬೇಕು, ಸಣ್ಣ ನೆರಿಗೆ ಹಿಡಿದಿದ್ದರೆ ಬಿಟ್ಟುಬಿಡಿ.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು. ಒಂದು ನೆರಿಗೆಯನ್ನು ಬೆರಳಿನಿಂದ ತೆರೆದು ಆಳ ನೋಡಿ. ಆಮೇಲೆ ಮೇಲಕ್ಕೆ ಕೈಯಾಡಿಸಿ, ಫೆಲ್ ಎಷ್ಟು ಉದ್ದ ಹೊಲಿದಿದ್ದಾರೆ ಎಂದು ನೋಡಿ. 24 ಇಂಚಿನ ಕಿಲ್ಟಿನಲ್ಲಿ ಅದು ಸುಮಾರು ಮೂರನೇ ಒಂದು ಭಾಗ, 8 ಇಂಚಿನ ಹತ್ತಿರ ಇರಬೇಕು. ತೀರಾ ಅಗ್ಗದವುಗಳಲ್ಲಿ ಸೊಂಟದ ಪಟ್ಟಿಯ ಕೆಳಗೆ ಒಂದೆರಡು ಇಂಚು ಹೊಲಿದು, ಉಳಿದದ್ದನ್ನು ಇಸ್ತ್ರಿಯ ಮಡಿಕೆಗೆ ಬಿಟ್ಟಿರುತ್ತಾರೆ. ಅಂಥದ್ದು ಕೂತೆದ್ದ ಮೊದಲ ದಿನವೇ ಹಿಂಭಾಗದಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಫೆಲ್ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತಾ ಬಂದಿರಬೇಕು, ನಡುವಿಗೂ ಹಿಂಭಾಗಕ್ಕೂ ಇರುವ ಅಳತೆಯ ವ್ಯತ್ಯಾಸವನ್ನು ಅದೇ ನುಂಗುವುದು. ಎಲ್ಲ ನೆರಿಗೆಯೂ ಮೇಲಿಂದ ಕೆಳಗೆ ಒಂದೇ ಅಗಲ ಇದ್ದರೆ ಅದು ಕೊಳವೆ, ಕಿಲ್ಟಲ್ಲ.

ಇನ್ನು ಒಳಮೈ. ಕಿಲ್ಟನ್ನು ಹೊರಳಿಸಿ ಒಳಗಿನ ಅಸ್ತರಿಯನ್ನು ಮುಟ್ಟಿ ನೋಡಿ. ಅದರ ಹಿಂದೆ ಗಡುಸಾದ ಕ್ಯಾನ್ವಾಸ್, ಕೋಟಿನ ಒಳಗೆ ಹಾಕುವಂಥದ್ದು, ಕೈಗೆ ಸಿಗಬೇಕು. ಪಟ್ಟಿ ಎಳೆದಾಗ ಬೀಳುವ ಜಗ್ಗನ್ನು ಹೊರುವುದು ಅದು. ಅದಿಲ್ಲದಿದ್ದರೆ ಜಗ್ಗೆಲ್ಲ ಟಾರ್ಟನ್ ಎಂಬ ಹೊರಗಿನ ಚೌಕಳಿ ಬಟ್ಟೆಯ ಮೇಲೇ ಬಿದ್ದು, ಕೆಲವು ತಿಂಗಳಲ್ಲಿ ನೆರಿಗೆಯ ಹೊಲಿಗೆ ಸೊಂಟದ ಬಳಿ ಎಳೆ ಬಿಡುತ್ತದೆ.

ಕೆಳ ಅಂಚನ್ನೂ ನೋಡಿ. ಒಳ್ಳೆಯ ಕಿಲ್ಟಿಗೆ ಕೆಳಗೆ ಮಡಚಿ ಹೊಲಿದ ಅಂಚೇ ಇರುವುದಿಲ್ಲ, ಮಗ್ಗದಲ್ಲಿ ನೇಯ್ದ ಅಂಚನ್ನೇ ಕೆಳಗೆ ಬಿಟ್ಟಿರುತ್ತಾರೆ, ಸೀರೆಯ ಅಂಚಿನ ಹಾಗೆ. ಮಡಚಿ ಹೊಲಿದರೆ ಪ್ರತಿ ನೆರಿಗೆಯ ತುದಿಯಲ್ಲೂ ದಪ್ಪವಾಗಿ, ನೆರಿಗೆ ಕೆಳಗೆ ಹೊರಕ್ಕೆ ಚಾಚುತ್ತದೆ. 60 ಪೌಂಡಿನೊಳಗಿನವುಗಳಲ್ಲಿ ಮಡಚಿದ ಅಂಚು ಮಾಮೂಲಿ. ಒಂದೇ ಸಾಲಿನ ತೆಳು ಹೊಲಿಗೆಯಾಗಿದ್ದರೆ ಸಹಿಸಿಕೊಳ್ಳಬಹುದು.

ಯಾವ ಬಟ್ಟೆ?

ರೆಡಿಮೇಡ್ ಮಾರುಕಟ್ಟೆಯ ದೊಡ್ಡ ಬಲೆ 'ಅಕ್ರಿಲಿಕ್ ವುಲ್' ಎಂಬ ಪದ. ಅದರಲ್ಲಿ ಉಣ್ಣೆ ಇರಲೇಬೇಕೆಂದಿಲ್ಲ, ಉಣ್ಣೆಯಂತೆ ಕಾಣುವ ಅಕ್ರಿಲಿಕ್ ಎಂಬುದೇ ಹೆಚ್ಚಿನ ಸಲ ಅದರ ಅರ್ಥ. ಬ್ರಿಟನ್ನಿನಲ್ಲಿ ಮಾರುವ ಬಟ್ಟೆಗೆ ಯಾವ ನಾರು ಶೇಕಡಾ ಎಷ್ಟು ಎಂದು ಚೀಟಿ ಇರಬೇಕೆಂಬ ನಿಯಮವಿದೆ. ಹೆಸರು ಬಿಟ್ಟು ಚೀಟಿ ಓದಿ. ಚೀಟಿಯ ಮೇಲೂ ನಂಬಿಕೆಯಿಲ್ಲವೆಂದರೆ ಒಳ ಏಪ್ರನ್ನಿನ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಬಿಡುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತವೆ.

ಬಟ್ಟೆಯ ತೂಕವನ್ನು ಔನ್ಸಿನಲ್ಲಿ ಹೇಳುತ್ತಾರೆ: 54ರಿಂದ 60 ಇಂಚು ಪನ್ನದ ಬಟ್ಟೆ ಒಂದು ಗಜ ಉದ್ದಕ್ಕೆ ಎಷ್ಟು ತೂಗುತ್ತದೆ ಎಂದು. 10–11 ಔನ್ಸ್ ಹಗುರ, 13 ಮಧ್ಯಮ, 16 ಭಾರ. ಕಿಲ್ಟಿನ ಉದ್ದ ಪನ್ನದ ಅರ್ಧಕ್ಕಿಂತ ಕಡಿಮೆ ಇರುವುದರಿಂದ, ಅಷ್ಟು ಪನ್ನದ ಬಟ್ಟೆಯನ್ನು ನಡುವೆ ಸೀಳಿ ಜೋಡಿಸುತ್ತಾರೆ. 8 ಗಜದ ಕಿಲ್ಟಿಗೆ ಹಿಡಿಯುವುದು 4 ಗಜ ಬಟ್ಟೆ. ಈ ಲೆಕ್ಕ ಗೊತ್ತಿದ್ದರೆ ಮೋಸ ಹಿಡಿಯಲು ಸೂಟ್‌ಕೇಸ್ ತೂಗುವ ತಕ್ಕಡಿ ಸಾಕು. 8 ಗಜ, 16 ಔನ್ಸ್ ಎಂದು ಹೇಳಿದ ಕಿಲ್ಟ್ 64 ಔನ್ಸ್, ಅಂದರೆ 1.8 ಕಿಲೋ ಆಸುಪಾಸು ತೂಗಬೇಕು. 900 ಗ್ರಾಂ ತೂಗಿದರೆ ಗಜದಲ್ಲೋ ಔನ್ಸಿನಲ್ಲೋ ಕೈಚಳಕ ನಡೆದಿದೆ. 5 ಗಜ 11 ಔನ್ಸಿನದು ಸುಮಾರು 780 ಗ್ರಾಂ, 5 ಗಜ 16 ಔನ್ಸಿನದು 1.1 ಕಿಲೋ ಮೇಲೆ ಬರುತ್ತದೆ. ಗಜವನ್ನೂ ಎಣಿಸಬಹುದು: ಚೌಕಳಿಯ ವಿನ್ಯಾಸ ಒಂದು ಸಲ ಪೂರ್ತಿಯಾಗಲು ಎಷ್ಟು ಇಂಚು ಬೇಕೆಂದು ಅಳೆದು, ಕೆಳ ಅಂಚಿನ ಉದ್ದಕ್ಕೂ ನೆರಿಗೆಯ ಒಳಗೆಲ್ಲ ಅದು ಎಷ್ಟು ಸಲ ಬಂದಿದೆ ಎಂದು ಎಣಿಸಿ ಗುಣಿಸಿದರಾಯಿತು.

*ಅಕ್ರಿಲಿಕ್, 30ರಿಂದ 60 ಪೌಂಡ್.* ಪ್ರವಾಸಿಗರಿಗೆ ಮಾರುವುದು ಹೆಚ್ಚಾಗಿ ಇದೇ. ಮುಟ್ಟಲು ಮೆತ್ತಗೆ, ಬಣ್ಣ ಕಣ್ಣಿಗೆ ಹೊಡೆಯುವಷ್ಟು ಗಾಢ. ದಿನಾ ಉಟ್ಟರೆ ಕೂರುವ ಜಾಗದಲ್ಲಿ, ಚೀಲ ಉಜ್ಜುವ ಸೊಂಟದ ಪಕ್ಕದಲ್ಲಿ ನೂಲಿನ ಸಣ್ಣ ಸಣ್ಣ ಉಂಡೆ ಏಳುತ್ತವೆ. ನೆರಿಗೆ ನಿಲ್ಲುವುದಿಲ್ಲ. ಬಿಸಿ ಇಸ್ತ್ರಿ ಇಟ್ಟರೆ ಹೊಳಪು ಕಲೆ ಬಿದ್ದು ಹೋಗುವುದೇ ಇಲ್ಲ, ಬಿಸಿ ಇಡದಿದ್ದರೆ ನೆರಿಗೆ ಕೂರುವುದಿಲ್ಲ. ಒಂದು ಸಂಜೆಯ ಪಾರ್ಟಿಗೆ, ಫುಟ್‌ಬಾಲ್ ಪಂದ್ಯಕ್ಕೆ, ಕಿಲ್ಟ್ ತನಗೆ ಒಪ್ಪುತ್ತದೆಯೇ ಎಂದು ನೋಡಲಿಕ್ಕೆ ತೆಗೆದುಕೊಳ್ಳಿ. ದಿನಬಳಕೆಗೆ ಬೇಡ.

*ಪಾಲಿ-ವಿಸ್ಕೋಸ್, 80ರಿಂದ 150 ಪೌಂಡ್.* ಪೇಟೆಯಲ್ಲಿ ಪಿವಿ ಎಂದೇ ಹೆಸರು. ಮಾಮೂಲಿ ಬೆರಕೆ 65 ಪಾಲು ಪಾಲಿಯೆಸ್ಟರ್, 35 ಪಾಲು ವಿಸ್ಕೋಸ್. ವೆಸ್ಟ್ ಯಾರ್ಕ್‌ಷೈರಿನ ಮಾರ್ಟನ್ ಮಿಲ್ಸ್ ಎಂಬ ಇಂಗ್ಲೆಂಡಿನ ಗಿರಣಿ ಇದನ್ನು ಹತ್ತಾರು ಟಾರ್ಟನ್‌ಗಳಲ್ಲಿ ನೇಯುತ್ತದೆ, ಅಮೆರಿಕದ ಕಿಲ್ಟ್ ಹೊಲಿಯುವವರೂ ಈ ಬಟ್ಟೆಯನ್ನು ಬಳಸುತ್ತಾರೆ. ಇದರ ಬಲ ಪಾಲಿಯೆಸ್ಟರಿನದು: ಬಿಸಿಯಲ್ಲಿ ಒಮ್ಮೆ ಕೂರಿಸಿದ ಮಡಿಕೆ ಒಗೆದರೂ ಸುಲಭಕ್ಕೆ ಅಳಿಸುವುದಿಲ್ಲ. ಮನೆಯ ವಾಷಿಂಗ್ ಮೆಷಿನ್‌ನಲ್ಲೇ ಒಗೆಯಬಹುದು, ನುಸಿ ಹತ್ತಿರ ಸುಳಿಯುವುದಿಲ್ಲ. ದೂರದಿಂದ ಉಣ್ಣೆಯೆಂದೇ ಕಾಣುತ್ತದೆ. ದೋಷವೆಂದರೆ ಹಗುರ, ಗಾಳಿಗೆ ಬೇಗ ಏಳುತ್ತದೆ. ಕ್ಯಾಂಪಿನ ಬೆಂಕಿಯ ಕಿಡಿ ಸಿಡಿದರೆ ತೂತು ಬೀಳುತ್ತದೆ. ಸೆಕೆಗೆ ಉಣ್ಣೆಗಿಂತ ಹೆಚ್ಚು ಬೆವರು ಅಂಟಿಸುತ್ತದೆ, ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ನಾಲ್ಕು ದಿನದ ಚಿಂತೆ.

*ಯುಟಿಲಿಟಿ ಕಿಲ್ಟ್, 35 ಪೌಂಡಿನಿಂದ ಮೇಲಕ್ಕೆ.* ದಪ್ಪ ಹತ್ತಿಯ ಕ್ಯಾನ್ವಾಸ್ ಅಥವಾ ಡೆನಿಮ್, ಪಕ್ಕದಲ್ಲಿ ದೊಡ್ಡ ಜೇಬು, ಬಕಲಿನ ಬದಲು ಒತ್ತುಗುಂಡಿ. ಈ ಬಗೆಯನ್ನು ಜನಪ್ರಿಯ ಮಾಡಿದ ಯುಟಿಲಿಕಿಲ್ಟ್ಸ್ ಕಂಪನಿ ಅಮೆರಿಕದ ಸಿಯಾಟಲ್‌ನದು, 2000ದಲ್ಲಿ ಶುರುವಾಯಿತು. ಈಗ ಅಗ್ಗದ ಬೆಲೆಗೆ ಸಿಗುವವು ಬಹುಪಾಲು ಪಾಕಿಸ್ತಾನದ ಸಿಯಾಲ್‌ಕೋಟಿನಲ್ಲಿ ಹೊಲಿದವು. ಊರಿನಿಂದ ಮಾಲನ್ನು ಅಳೆಯಬೇಡಿ, ಅಲ್ಲಿ ಒಳ್ಳೆಯ ಹೊಲಿಗೆಯೂ ಇದೆ, ಕಳಪೆಯೂ ಇದೆ. ನೋಡಬೇಕಾದದ್ದು ಎರಡು. ನೆರಿಗೆಯ ಅಂಚಿನ ಉದ್ದಕ್ಕೂ ಒಂದು ಸಾಲು ಹೊಲಿಗೆ ಓಡಿಸಿದ್ದರೆ ಮಾತ್ರ ಒಗೆದ ಮೇಲೆ ಮಡಿಕೆ ಉಳಿಯುತ್ತದೆ, ಇಲ್ಲದಿದ್ದರೆ ಪ್ರತಿ ಸಲವೂ ಅರ್ಧ ಗಂಟೆ ಇಸ್ತ್ರಿ ಹಿಡಿದು ನಿಲ್ಲಬೇಕು. ಎರಡನೆಯದು, ಒತ್ತುಗುಂಡಿ ಕೂರಿಸಿದ ಕಡೆ ಬಟ್ಟೆ ಎರಡು ಮೂರು ಪದರ ಇದೆಯೇ ಎಂಬುದು. ಒಂದೇ ಪದರ ಇದ್ದರೆ ಗುಂಡಿ ಬಟ್ಟೆ ಸಮೇತ ಕಿತ್ತುಬರುತ್ತದೆ. ಮಳೆಗೆ ನೆನೆದರೆ ಹತ್ತಿ ಭಾರವಾಗಿ ತೊಡೆಗೆ ಅಂಟುತ್ತದೆ, ಬೇಗ ಒಣಗುವುದಿಲ್ಲ, ಹಾಗಾಗಿ ಹೈಲ್ಯಾಂಡ್ಸಿನ ಬೆಟ್ಟಕ್ಕೆ ಇದು ಹೇಳಿಸಿದ್ದಲ್ಲ. ಕೈತೋಟ, ಗ್ಯಾರೇಜು, ಸಂತೆಗೆ ಸರಿ. ಹಲವು ಯುಟಿಲಿಟಿ ಕಿಲ್ಟುಗಳು ಜೀನ್ಸಿನ ಹಾಗೆ ಸೊಂಟದ ಕೆಳಗೆ ನಿಲ್ಲುತ್ತವೆ, ಅಂಥದ್ದಕ್ಕೆ ಉದ್ದವನ್ನೂ ಅಲ್ಲಿಂದಲೇ ಅಳೆಯಿರಿ.

*ಸೆಕೆಂಡ್ ಹ್ಯಾಂಡ್ ಉಣ್ಣೆ, 50ರಿಂದ 150 ಪೌಂಡ್.* ಅಳತೆ ಹೊಂದುವುದಾದರೆ ಇದನ್ನು ಮೀರಿಸುವಂಥದ್ದು ಈ ಬೆಲೆಗೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಮದುವೆಗೆ ಕಿಲ್ಟ್ ಬಾಡಿಗೆ ಕೊಡುವ ಅಂಗಡಿಗಳು ಹಳೆಯ ದಾಸ್ತಾನನ್ನು ಆಗಾಗ ಮಾರಿಬಿಡುತ್ತವೆ. ಚಾರಿಟಿ ಅಂಗಡಿಗಳಲ್ಲಿ, ಆನ್‌ಲೈನ್ ಹರಾಜಿನಲ್ಲಿ ಅಪ್ಪಂದಿರ ಕಾಲದ ಕೈಹೊಲಿಗೆಯ ಕಿಲ್ಟುಗಳು ಬರುತ್ತವೆ. ಸೇನೆಯ ಹಳೆಯ ಕಿಲ್ಟುಗಳೂ ಸಿಗುತ್ತವೆ. ಬಟ್ಟೆ 16 ಔನ್ಸಿಗೂ ಮೇಲೆ, ನಡುವಿನಿಂದ ಬಹಳ ಮೇಲಕ್ಕೆ ಏರಿದ ಹೊಲಿಗೆ, ಎಷ್ಟು ವರ್ಷ ಉಟ್ಟರೂ ಸವೆಯದ ಗಟ್ಟಿತನ. ಬೇಸಿಗೆಯಲ್ಲಿ ಮಾತ್ರ ಕಂಬಳಿ ಉಟ್ಟಂತೆ.

ಹಳೆಯದನ್ನು ಕೊಳ್ಳುವಾಗ ಕಿಟಕಿಯ ಬೆಳಕಿಗೆ ಹಿಡಿದು ನುಸಿ ತೂತು ಹುಡುಕಿ. ಮುಂದಿನ ಏಪ್ರನ್ ಮಾತ್ರ ನೋಡಿ ಸುಮ್ಮನಾಗಬೇಡಿ. ನುಸಿ ಕತ್ತಲನ್ನು, ಬೆವರು ಮತ್ತು ಊಟದ ಕಲೆಯನ್ನು ಹುಡುಕಿ ಹೋಗುವುದರಿಂದ ನೆರಿಗೆಯ ಒಳಮಡಿಕೆ, ಒಳ ಏಪ್ರನ್, ಅಸ್ತರಿಯ ಕೆಳಗೆ ಇದ್ದೇ ಇರುತ್ತದೆ. ಪಟ್ಟಿಯ ತೊಗಲು ಒಡೆದಿದ್ದರೆ ಚಿಂತೆಯಿಲ್ಲ, ಹೊಸದು ಕೆಲವೇ ಪೌಂಡಿಗೆ ಸಿಗುತ್ತದೆ, ಬಕಲು ಹಾಗೇ ಇಟ್ಟುಕೊಳ್ಳಬಹುದು. ನೆರಿಗೆಯ ಅಂಚು ಸವೆದು ನೂಲು ಕಾಣುತ್ತಿದ್ದರೆ ಅದಕ್ಕೆ ಮದ್ದಿಲ್ಲ. ಸೊಂಟ 1–2 ಇಂಚು ಹೆಚ್ಚುಕಡಿಮೆ ಇದ್ದರೆ ಬಕಲನ್ನು ಬಿಚ್ಚಿ ಸರಿಸಿ ಹೊಲಿಯಬಹುದು. ಅದಕ್ಕಿಂತ ಜಾಸ್ತಿ ಸರಿಸಿದರೆ ಏಪ್ರನ್ ನಡುವಿಗೆ ಬಾರದೆ ನೆರಿಗೆ ಪಕ್ಕಕ್ಕೆ ಹೊರಳುತ್ತದೆ. ಮನೆಗೆ ತಂದ ಮೇಲೆ, ಬೀರುವಿನಲ್ಲಿ ಇಡುವ ಮೊದಲು, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೊಟ್ಟೆ ಸಮೇತ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಕೂಡಲೇ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ತೇವವೆಲ್ಲ ಉಣ್ಣೆಗೆ ಕೂರುತ್ತದೆ.

ಹೊಸ ಉಣ್ಣೆಯೇ ಬೇಕು, ದುಡ್ಡು ತುಸು ಹೆಚ್ಚಾದರೂ ಸರಿ ಎನ್ನುವವರಿಗೆ 5 ಗಜದ, ಯಂತ್ರದಲ್ಲಿ ಹೊಲಿದ 11–13 ಔನ್ಸಿನ ಕಿಲ್ಟುಗಳು 150–250 ಪೌಂಡಿನ ಸುತ್ತ ಇವೆ. ಹೊಲಿಗೆಯೇ ಇಲ್ಲದ ಹಳೆಯ ಕಾಲದ 'ದೊಡ್ಡ ಕಿಲ್ಟ್' ಅಗ್ಗವೆಂದು ಕೆಲವರಿಗೆ ಆಸೆಯಾಗುತ್ತದೆ. ಬೆಳಗ್ಗೆ ಎದ್ದು ನಾಲ್ಕೈದು ಗಜದ ಬಟ್ಟೆಯನ್ನು ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಮಲಗಿ ಬೆಲ್ಟು ಬಿಗಿಯುವ ಸಾಹಸ ಅದು. ಕಚ್ಚೆಪಂಚೆ ಉಟ್ಟು ಪಳಗಿದವರಿಗೆ ಕಲಿಯಲು ಕಷ್ಟವಿಲ್ಲ, ಆದರೆ ಕಚೇರಿಯ ಶೌಚಾಲಯದಲ್ಲಿ ಅದನ್ನು ಮತ್ತೆ ಕಟ್ಟುವುದನ್ನು ಯೋಚಿಸಿಕೊಂಡು ಮುಂದುವರಿಯಿರಿ.

ಒಟ್ಟು ನಮ್ಮ ಶಿಫಾರಸು ಹೀಗೆ: ಮೊದಲು ಒಂದು ತಿಂಗಳು ನಿಮ್ಮ ಅಳತೆಯ ಹಳೆಯ ಉಣ್ಣೆ ಕಿಲ್ಟಿಗಾಗಿ ಕಾಯಿರಿ. ಸಿಗದಿದ್ದರೆ, ಅದರಲ್ಲೂ ಎತ್ತರ ಕಡಿಮೆ ಇದ್ದು 22 ಇಂಚು ಬೇಕಾದವರಿಗೆ ಸಿಗುವುದು ಕಷ್ಟ, ಅಳತೆ ಕೊಟ್ಟು ಹೊಲಿಸುವ ಪಿವಿ ಕಿಲ್ಟಿಗೆ ಹೋಗಿ. ಬೆಂಗಳೂರಿಗೆ ತರಿಸಿಕೊಳ್ಳುವವರಿಗೂ ಪಿವಿಯೇ ಸರಿ. ಮಳೆಗಾಲದ ತೇವಕ್ಕೆ ಉಣ್ಣೆಯನ್ನು ನುಸಿಯಿಂದ ಕಾಯುವುದು ದಿನದ ಕೆಲಸವಾಗುತ್ತದೆ. ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಿ.

ಪಟ್ಟಿ, ಜೇಬು, ಪಿನ್ನು

ಪೂರ್ತಿ ಹೊಲಿಗೆಯ ಕಿಲ್ಟಿಗೆ ಮೂರು ಪಟ್ಟಿ: ಬಲಕ್ಕೆ ಎರಡು, ಎಡಕ್ಕೆ ಒಂದು. ಒಳ ಏಪ್ರನ್ನಿನ ಪಟ್ಟಿ ಎಡಗಡೆ ಒಂದು ಸೀಳಿನ ಮೂಲಕ ಹೊರಗೆ ಬಂದು ಬಕಲಿಗೆ ಸೇರುತ್ತದೆ. ಆ ಸೀಳಿನ ಅಂಚನ್ನು ಕಾಜಾ ಹೊಲಿಗೆಯಿಂದ ಭದ್ರ ಮಾಡಿದ್ದಾರೆಯೇ ನೋಡಿ, ಅಗ್ಗದವುಗಳಲ್ಲಿ ಮೊದಲು ಹರಿಯುವುದು ಅಲ್ಲೇ. ಬಲಗಡೆಯ ಕೆಳಪಟ್ಟಿ ಇಲ್ಲದಿದ್ದರೂ ನಡೆಯುತ್ತದೆ. ವೆಲ್ಕ್ರೋ ಇರುವುದನ್ನು ತೆಗೆದುಕೊಂಡರೆ ಹೊಟ್ಟೆ ತುಂಬಾ ಊಟವಾದ ಮೇಲೆ ಸಡಿಲಿಸುವುದು ಸುಲಭ, ನಿಜ. ಆದರೆ ಅದಕ್ಕೆ ನೂಲು, ಕೂದಲು ಸಿಕ್ಕಿ ವರ್ಷದೊಳಗೆ ಹಿಡಿತ ಬಿಡುತ್ತದೆ. ಕಿಲ್ಟನ್ನು ನಿಲ್ಲಿಸುವುದು ಈ ಪಟ್ಟಿಗಳು, ಬೆಲ್ಟಲ್ಲ. ಬೆಲ್ಟ್ ಬಿಗಿದು ನಿಲ್ಲಿಸಬೇಕಾದ ಪರಿಸ್ಥಿತಿ ಬಂದರೆ ಸೊಂಟದ ಅಳತೆ ತಪ್ಪಿದೆ ಎಂದರ್ಥ.

ಸಾಂಪ್ರದಾಯಿಕ ಕಿಲ್ಟಿಗೆ ಜೇಬಿಲ್ಲ. ಫೋನು, ಬೀಗದ ಕೈ ಇಡಲು ಮುಂದೆ ನೇತಾಡುವ ಸ್ಪೋರನ್ ಚೀಲ ಬೇಕು. ಕೂದಲಿನ ಕುಚ್ಚಿನದು ಬೇಡ, ಸಾದಾ ಕಂದು ತೊಗಲಿನದು 20–40 ಪೌಂಡಿಗೆ ಸಿಗುತ್ತದೆ. ನಿಮ್ಮ ಫೋನನ್ನು ತೆಗೆದುಕೊಂಡು ಹೋಗಿ ಅದರೊಳಗೆ ಹಿಡಿಸಿ ನೋಡಿ, ಈಗಿನ ಫೋನುಗಳು ಹಿಡಿಸದ ಸ್ಪೋರನ್‌ಗಳು ಎಷ್ಟೋ ಇವೆ. ಬೆಲ್ಟಿಗಿಂತ ಒಂದು ಅಂಗೈ ಅಗಲ ಕೆಳಗೆ ತೂಗುಬಿಡಿ, ಇನ್ನೂ ಇಳಿದರೆ ನಡೆಯುವಾಗ ತೊಡೆಸಂದಿಗೆ ಬಡಿಯುತ್ತದೆ. ಕೆಳಗಿನ ಬಲಮೂಲೆಗೆ ಹಾಕುವ ಕಿಲ್ಟ್ ಪಿನ್ನನ್ನು ಹೊರ ಏಪ್ರನ್ನಿಗೆ ಮಾತ್ರ ಚುಚ್ಚಿ. ಗಾಳಿಗೆ ಹಾರದಿರಲಿ ಎಂದು ಎರಡೂ ಏಪ್ರನ್ ಸೇರಿಸಿ ಚುಚ್ಚುವವರು, ಕೂತೇಳುವಾಗ ಬಟ್ಟೆ ಹರಿದುಕೊಳ್ಳುತ್ತಾರೆ. ಕಾಲ್ಚೀಲಕ್ಕೆ ಸಿಕ್ಕಿಸುವ ಸಣ್ಣ ಚೂರಿ, ಸ್ಕೀನ್ ಡೂ, ಕೊಡವರ ಪೀಚೆಕತ್ತಿಯ ಹಾಗೆ ಹಬ್ಬದುಡುಗೆಯ ಭಾಗ. ಟೀಶರ್ಟಿನ ಜೊತೆ ಅದು ಬೇಕಿಲ್ಲ, ವಿಮಾನದ ಕೈಚೀಲದಲ್ಲಂತೂ ಬೇಡವೇ ಬೇಡ.

ಕಿಲ್ಟಿನೊಳಗೆ ಒಳಉಡುಪು ಹಾಕುತ್ತಾರೋ ಇಲ್ಲವೋ ಎಂಬ ಬಗ್ಗೆ ಸ್ಕಾಟ್ಲೆಂಡಿನಲ್ಲಿ ಬೇಕಾದಷ್ಟು ತಮಾಷೆ ಇದೆ. ದಿನಾ ಉಡುವ, ವಾರಕ್ಕೊಮ್ಮೆಯೂ ಒಗೆಯದ ಬಟ್ಟೆಗೆ ಹಾಕಿಕೊಳ್ಳುವುದೇ ಮೇಲು.

ಟಾರ್ಟನ್ ಯಾವುದು?

ಎಷ್ಟೋ ಟಾರ್ಟನ್ ಚೌಕಳಿಗಳಿಗೆ ಒಂದೊಂದು ಸ್ಕಾಟಿಷ್ ಕುಲದ ಹೆಸರಿದೆ, ಆದರೂ ಯಾರು ಯಾವುದನ್ನು ಉಡಬೇಕೆಂದು ಕಾನೂನಿಲ್ಲ. ಬಾಲ್ಮೋರಲ್ ಟಾರ್ಟನ್ ಮಾತ್ರ ರೂಢಿಯಲ್ಲಿ ರಾಜಮನೆತನಕ್ಕೆ ಮೀಸಲು, ಅದು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಸ್ಕಾಟಿಷ್ ಕುಲದ ಹೆಸರಿಲ್ಲದವರು ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್‌ನಂಥ ಎಲ್ಲರಿಗೂ ಸಲ್ಲುವವನ್ನು ಆರಿಸಿಕೊಳ್ಳುವುದು ರೂಢಿ. ಕಡು ನೀಲಿ-ಹಸಿರಿನ ಬ್ಲ್ಯಾಕ್ ವಾಚ್‌ಗೆ ಇನ್ನೊಂದು ಲಾಭವಿದೆ: ಗೆರೆಗಳು ಕತ್ತಲಾಗಿ ಬೆರೆತಿರುವುದರಿಂದ ನೆರಿಗೆಯಲ್ಲಿ ಚೌಕಳಿ ಕೂಡದಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಕೆಂಪು ರಾಯಲ್ ಸ್ಟುವರ್ಟ್‌ನಲ್ಲಿ ಕಾಲಿಂಚು ತಪ್ಪಿದರೂ ಬೀದಿಯ ಆಚೆಯಿಂದ ಕಾಣುತ್ತದೆ. ಹೆಸರಿನ ಮುಂದೆ 'ಏನ್ಶೆಂಟ್' ಎಂದಿದ್ದರೆ ಹಳೆಯದೆಂದಲ್ಲ, ತಿಳಿಬಣ್ಣದ್ದು ಎಂದರ್ಥ. 'ಮಾಡರ್ನ್' ಗಾಢ. 'ವೆದರ್ಡ್' ಮಾಸಲು ಕಂದು, ಜೀನ್ಸ್ ಅಂಗಿಯ ಜೊತೆ ಅದು ಚೆನ್ನಾಗಿ ಹೊಂದುತ್ತದೆ.

ಒಗೆತ, ಇಸ್ತ್ರಿ

ಪಿವಿ ಕಿಲ್ಟನ್ನು ಒಗೆಯುವ ಮೊದಲು ನೆರಿಗೆಗಳನ್ನು ಜೋಡಿಸಿ, ಅಡ್ಡಡ್ಡಲಾಗಿ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ, ಒಂದು ಕೆಳ ಅಂಚಿನಿಂದ 2 ಇಂಚು ಮೇಲೆ, ಇನ್ನೊಂದು ಫೆಲ್ ಮುಗಿಯುವಲ್ಲಿ. ಹತ್ತು ನಿಮಿಷದ ಕೆಲಸ, ಒಂದು ಗಂಟೆ ಇಸ್ತ್ರಿ ಉಳಿಸುತ್ತದೆ. ತೊಗಲಿನ ಪಟ್ಟಿಗಳಿಗೆ ಹಳೆಯ ಕಾಲ್ಚೀಲ ತೊಡಿಸಿ, ಇಲ್ಲದಿದ್ದರೆ ತೊಗಲಿನ ಬಣ್ಣ ಬಟ್ಟೆಗೆ ಹತ್ತುತ್ತದೆ. 30 ಡಿಗ್ರಿ, ಸೌಮ್ಯ ಆವರ್ತ, ಡ್ರೈಯರ್ ಬೇಡ. ಉಣ್ಣೆಯದನ್ನು ನೀರಿಗೆ ಹಾಕಬೇಡಿ. ಉಟ್ಟ ಮೇಲೆ ಬ್ರಷ್ ಮಾಡಿ ಗಾಳಿಗೆ ಬಿಟ್ಟರೆ ವರ್ಷಕ್ಕೊಮ್ಮೆ ಡ್ರೈಕ್ಲೀನಿಂಗ್ ಧಾರಾಳ. ಇಸ್ತ್ರಿ ಮಾಡುವಾಗ ಒದ್ದೆ ಬಟ್ಟೆ ಹಾಸಿ ಒತ್ತಿ ಎತ್ತಬೇಕು, ಎಳೆಯಬಾರದು. ಪೆಟ್ಟಿಗೆಯಲ್ಲಿಡಲು ನೆರಿಗೆ ಜೋಡಿಸಿ, ಉದ್ದಕ್ಕೆ ಸುರುಳಿ ಸುತ್ತಿ, ಹೆಂಗಸರ ಹಳೆಯ ಸ್ಟಾಕಿಂಗಿನೊಳಗೆ ತೂರಿಸಿ. ಪೈಪ್ ಬ್ಯಾಂಡಿನವರ ಹಳೆಯ ಉಪಾಯ ಇದು.

ಹೊಸ ಕಿಲ್ಟ್ ಕೈಸೇರಿದ ದಿನ ನೆರಿಗೆಗಳ ಮೇಲೆ ಬಿಳಿ ನೂಲಿನ ಉದ್ದುದ್ದ ಹೊಲಿಗೆ ಕಾಣಬಹುದು. ಸಾಗಣೆಯಲ್ಲಿ ಮಡಿಕೆ ಕೆಡದಿರಲೆಂದು ಹಾಕಿದ ಕಚ್ಚಾ ಹೊಲಿಗೆ ಅದು. ಅದನ್ನು ಬಿಚ್ಚದೆಯೇ ಮೊದಲು ಉಟ್ಟು ನೋಡಿ. ಕನ್ನಡಿಗೆ ಬೆನ್ನು ಮಾಡಿ ನಿಂತು, ಹಿಂಭಾಗದ ಉಬ್ಬಿನಲ್ಲಿ ನೆರಿಗೆ ಬಾಯಿ ಬಿಟ್ಟಿಲ್ಲ, ಕೆಳ ಅಂಚು ಹಿಂದೆ ಮೇಲೆದ್ದಿಲ್ಲ, ಮುಂದಿನ ಚೌಕಳಿ ಹೊಕ್ಕಳ ನೇರಕ್ಕಿದೆ ಎಂದು ಖಚಿತಪಡಿಸಿಕೊಳ್ಳಿ. ಬ್ರಿಟನ್ನಿನಲ್ಲಿ ಆನ್‌ಲೈನಿನಲ್ಲಿ ಕೊಂಡ ರೆಡಿಮೇಡ್ ಬಟ್ಟೆಯನ್ನು ಕೈಸೇರಿದ 14 ದಿನದೊಳಗೆ ಬೇಡವೆನ್ನುವ ಹಕ್ಕಿದೆ. ಅಳತೆ ಕೊಟ್ಟು ಹೊಲಿಸಿದ್ದಕ್ಕೆ ಆ ಹಕ್ಕು ಅನ್ವಯಿಸುವುದಿಲ್ಲ. ಎಲ್ಲ ಸರಿ ಕಂಡ ಮೇಲೆ ಸಣ್ಣ ಕತ್ತರಿಯಿಂದ ಬಿಳಿ ನೂಲನ್ನು ಎರಡೆರಡು ಇಂಚಿಗೆ ಕತ್ತರಿಸಿ ಹೊರಗೆಳೆಯಿರಿ. ಒಂದೇ ತುದಿಯಿಂದ ಜಗ್ಗಿದರೆ ಟಾರ್ಟನ್ನಿನ ಎಳೆಯೂ ಜೊತೆಗೆ ಬರುತ್ತದೆ.